ತಣ್ಣೀರಧಿಕರಣ

ನರಕ ಚತುರ್ದಶಿಯ ನಸುಕಿನಲ್ಲಿ, ತಲೆಗೆ ಎಣ್ಣೆ ಹತ್ತಿದ ಮೇಲೆ, ಬಿಸಿನೀರಿನ ನಲ್ಲಿಯಿಂದ ತಣ್ಣೀರು ಬಂದರೆ ಅದಕ್ಕೆ ಕಾರಣವೇನು ಎಂಬುದು ಈ ಶಾಸ್ತ್ರದ ವಿಷಯ. ಎಣ್ಣೆ ಹತ್ತಿದವನೇ ಇದಕ್ಕೆ ಅಧಿಕಾರಿ. ಇನ್ನೂ ಕಂಬಳಿಯೊಳಗಿರುವವನಿಗೆ ಈ ಜಿಜ್ಞಾಸೆ ಹುಟ್ಟುವುದಿಲ್ಲ. ಹುಟ್ಟಿದರೂ ಅದರಲ್ಲಿ ತೀವ್ರತೆ ಇರುವುದಿಲ್ಲ. ಪ್ರಯೋಜನ ಎರಡು ಬಕೆಟ್ ಬಿಸಿನೀರು. ಸಂಬಂಧವೆಂದರೆ ಪ್ಲಗ್ಗಿಗೂ ಗೋಡೆಗೂ ಇರಬೇಕಾದದ್ದು. ಅದು ಇದೆಯೇ ಎಂದು ಎಲ್ಲಕ್ಕಿಂತ ಮೊದಲು ನೋಡಿಕೊಳ್ಳತಕ್ಕದ್ದು. ಅನುಬಂಧ ಚತುಷ್ಟಯ ಇಲ್ಲಿಗೆ ಮುಗಿಯಿತು.

ಇಷ್ಟು ಗಹನವಾದ ವಿಷಯದ ಮೇಲೆ ಪೂರ್ವಾಚಾರ್ಯರು ಒಂದು ಅಕ್ಷರವನ್ನೂ ಬರೆಯದೆ ಹೋದದ್ದೇಕೆ? ಅವರ ಬಳಿ ಹಂಡೆ ಇತ್ತು. ಒಲೆಯ ಮೇಲೆ ಮಣ್ಣು ಮೆತ್ತಿ ಕೂರಿಸಿದ ತಾಮ್ರದ ಹಂಡೆಗೆ ಬರಬಹುದಾದ ದೋಷಗಳು ಮೂರೇ. ಸೌದೆ ಹಸಿಯಾಗಿರಬೇಕು, ಇಲ್ಲವೇ ಹಂಡೆ ತೂತಾಗಿರಬೇಕು, ಇಲ್ಲವೇ ಉರಿ ಹಾಕಬೇಕಾದವರು ಇನ್ನೂ ಎದ್ದಿರಬಾರದು. ಮೂರನ್ನೂ ಬಾಗಿಲಲ್ಲಿ ನಿಂತು ನೋಡಿಯೇ ತಿಳಿಯಬಹುದಾದ್ದರಿಂದ ಹಂಡೆಯ ಸುತ್ತ ದರ್ಶನ ಬೆಳೆಯಲಿಲ್ಲ, ಹಬ್ಬ ಬೆಳೆಯಿತು. ನೀರು ತುಂಬುವ ಹಬ್ಬದ ಸಂಜೆ ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಶೇಡಿ ಕೆಮ್ಮಣ್ಣಿನ ಗೆರೆ ಎಳೆದು, ಮಲೆನಾಡಿನಲ್ಲಾದರೆ ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಕೈಮುಗಿಯುತ್ತಿದ್ದರು. ಈಗ ಅದೇ ಬಳ್ಳಿ ಗೀಸರಿನ ಪೈಪಿಗೆ ಬಂದಿದೆ. ಪ್ಲಾಸ್ಟಿಕ್ಕಿನ ಮೇಲೆ ಕುಂಕುಮ ನಿಲ್ಲುವುದಿಲ್ಲ ಎಂಬುದೊಂದನ್ನು ಬಿಟ್ಟರೆ ಸಂಪ್ರದಾಯಕ್ಕೆ ಧಕ್ಕೆಯೇನೂ ಆಗಿಲ್ಲ.

ಯಂತ್ರದ ಪೂರ್ವೇತಿಹಾಸವನ್ನು ಬೇಗ ಮುಗಿಸೋಣ. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾಘನ್ ಎಂಬಾತ ಗ್ಯಾಸಿನಿಂದ ನೀರು ಕಾಯಿಸುವ ಯಂತ್ರ ಮಾಡಿದ; ಹೊಗೆ ಹೋಗಲು ಕೊಳವೆ ಇಡಲಿಲ್ಲ. ಹೊಗೆ ಹೋಗದ ಬಚ್ಚಲುಮನೆ ನಮ್ಮ ಅಜ್ಜಿಯರಿಗೆ ಹೊಸದಲ್ಲವಾದ್ದರಿಂದ ಅದನ್ನು ಆವಿಷ್ಕಾರ ಎನ್ನಲು ನಮಗೆ ಸಂಕೋಚ. ಇತ್ತ ನಮ್ಮ ನಾಡಿನಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿ ದೀಪಕ್ಕೆ. ಮೊದಲು ಚಿನ್ನ, ಆಮೇಲೆ ಬೀದಿ, ಕಡೆಗೆ ಬಚ್ಚಲು. ಈ ಸರದಿಯಿಂದಾಗಿಯೇ ಬಚ್ಚಲನ್ನು ತಲುಪುವಾಗ ವೋಲ್ಟೇಜ್ ಇಳಿದಿರುತ್ತದೆ ಎಂಬುದು ಮನೆಯ ತಾತನವರ ಮತ. ಅದನ್ನು ಮುಂದೆ ಖಂಡಿಸಲಾಗುವುದು.

ಈಗ ಯಂತ್ರದ ಸ್ವರೂಪ. ಶಾಖ ಸೋರದಂತೆ ಹೊದಿಕೆ ಹಾಕಿದ ತೊಟ್ಟಿ, ಅದರೊಳಗೆ ಕಾಯಿಲ್, ಕಾಯಿಲಿನ ಮೇಲೆ ಕಣ್ಣಿಡಲು ಥರ್ಮೋಸ್ಟಾಟ್, ಥರ್ಮೋಸ್ಟಾಟನ್ನು ನಂಬದ ಕಟೌಟ್, ಇಬ್ಬರನ್ನೂ ನಂಬದೆ ಹೊರಗೆ ಕಾದಿರುವ, ಒತ್ತಡ ಬಿಡುವ ವಾಲ್ವ್. ಕಾಯಿಲ್ ಎಂದು ಲೋಕರೂಢಿಯಲ್ಲಿ ಕರೆಯುವುದರೊಳಗೆ ನಿಕ್ರೋಮ್ ತಂತಿ ಇದೆ. ಅದರ ಸುತ್ತ ಒತ್ತಿ ತುಂಬಿದ ಮೆಗ್ನೀಸಿಯಂ ಆಕ್ಸೈಡ್ ಪುಡಿ ಶಾಖವನ್ನು ಹೊರಗೆ ಬಿಡುತ್ತದೆ, ಕರೆಂಟನ್ನು ಬಿಡುವುದಿಲ್ಲ. ಹೊರಗೆ ಲೋಹದ ಕೊಳವೆ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 0.61 ಯೂನಿಟ್ ಬೇಕು. ಕಾಯಿಲ್ 2000 ವಾಟಿನದಾದರೆ ಹದಿನೆಂಟು ನಿಮಿಷ ಚಿಲ್ಲರೆ. 230 ವೋಲ್ಟಿನಲ್ಲಿ ಅದು ಎಳೆಯುವ ಕರೆಂಟ್ 8.7 ಆಂಪ್ಸ್. ಆದ್ದರಿಂದ ಫೋನ್ ಚಾರ್ಜ್ ಮಾಡುವ ಸಣ್ಣ ಪಾಯಿಂಟಿಗೆ ಗೀಸರನ್ನು ಜೋಡಿಸಿದವನು ಮಾತನಾಡಲು ಬಯಸುವುದು ನಮ್ಮೊಡನಲ್ಲ, ಅಗ್ನಿಶಾಮಕ ದಳದವರೊಡನೆ.

ತೊಟ್ಟಿಯೊಳಗೆ ಮೆಗ್ನೀಸಿಯಮ್ಮಿನ ಒಂದು ಕಡ್ಡಿಯೂ ಇದೆ. ತೊಟ್ಟಿಯ ಉಕ್ಕಿಗೆ ತುಕ್ಕು ಹಿಡಿಯಬಾರದೆಂದು ಇದು ತಾನು ಕರಗುತ್ತದೆ. ಈ ತಂತ್ರವನ್ನು 1824ರಲ್ಲಿ ಹಂಫ್ರಿ ಡೇವಿ ಬ್ರಿಟಿಷ್ ಯುದ್ಧನೌಕೆಗಳ ತಾಮ್ರದ ತಳಕ್ಕೆ ಸತುವು, ಕಬ್ಬಿಣದ ತುಂಡು ಜೋಡಿಸಿ ತೋರಿಸಿಕೊಟ್ಟ. ತಾಮ್ರವೇನೋ ಉಳಿಯಿತು, ಆದರೆ ಉಳಿದ ತಾಮ್ರಕ್ಕೆ ಚಿಪ್ಪಿನ ಹುಳುಗಳು ಮುತ್ತಿ ಹಡಗುಗಳು ನಿಧಾನವಾದವು; ನೌಕಾಪಡೆ ಅದನ್ನು ಕೈಬಿಟ್ಟಿತು. ಗೀಸರಿನಲ್ಲಿ ಮಾತ್ರ ಕಡ್ಡಿ ತನ್ನ ಪಾಡಿಗೆ ತಾನು ವರ್ಷಗಟ್ಟಲೆ ಸವೆಯುತ್ತಿರುತ್ತದೆ. ಪೂರ್ತಿ ಸವೆದು ತೊಟ್ಟಿ ಸೋರುವವರೆಗೆ ಅದು ಅಲ್ಲಿತ್ತೆಂದೇ ಯಾರಿಗೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಈ ಸ್ವಭಾವದ ಇನ್ನೊಂದನ್ನು ನಾವು ಕಾಣದ್ದರಿಂದ ಇದಕ್ಕೆ ಉಪಮೆ ಕೊಡಲಾಗಲಿಲ್ಲ.

ಇನ್ನು ಸಂಶಯ. ಮಬ್ಬಿನಲ್ಲಿ ಕಂಡದ್ದು ಮೋಟುಮರವೋ ಮನುಷ್ಯನೋ ಎಂಬುದು ತಾರ್ಕಿಕರ ಹಳೆಯ ಸಂಶಯ. ಹೋಗಿರುವುದು ಕಾಯಿಲೋ ಥರ್ಮೋಸ್ಟಾಟೋ ಎಂಬುದು ನಮ್ಮದು. ಮೋಟುಮರದ ಬಳಿಗೆ ಹೋಗಿ ಮುಟ್ಟಿ ನೋಡಬಹುದು. ಇಲ್ಲಿ ಮುಟ್ಟತಕ್ಕದ್ದಲ್ಲ, ಮುಚ್ಚಳ ಬಿಚ್ಚುವ ಮೊದಲು ಮೇನ್ ಸ್ವಿಚ್ ಆರಿಸತಕ್ಕದ್ದು. ಈ ಒಂದು ವಿಷಯದಲ್ಲಿ ಎಲ್ಲ ದರ್ಶನಗಳಿಗೂ ಒಮ್ಮತವಿದೆ.

ಪೂರ್ವಪಕ್ಷವನ್ನು ಎತ್ತಿದವರು ಮನೆಯ ಗೃಹಿಣಿ. ಚಕ್ಕುಲಿಯ ಡಬ್ಬಿಯ ಮುಚ್ಚಳ ಒತ್ತುತ್ತ, ಈ ಕಡೆ ತಿರುಗದೆ ಅವರು ಹೇಳಿದ್ದಿಷ್ಟು: “ಯುಗಾದಿಯಿಂದ ಗುಡುಗುಡು ಅಂತಿದೆ, ಸರ್ವಿಸ್ ಮಾಡ್ಸಿ ಅಂತ ಬಾಯಿ ನೋಯೋವಷ್ಟು ಹೇಳಿದೀನಿ. ಸುಣ್ಣ ಕಟ್ಟಿ ಕಾಯಿಲ್ ಹೋಗಿದೆ, ಅಷ್ಟೆ.”

ಅದು ಹಾಗಲ್ಲ. ಏಕೆಂದರೆ, ಮೊದಲನೆಯದಾಗಿ, ಅವರು ಯಂತ್ರವನ್ನು ಬಿಚ್ಚಿ ನೋಡಿಲ್ಲ. ಎರಡನೆಯದಾಗಿ, ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಪಂಚಾವಯವಗಳು ಈ ವಾಕ್ಯದಲ್ಲಿ ಕ್ರಮವಾಗಿ ಬಂದಿಲ್ಲ. ನಡುವೆ ಯುಗಾದಿ ಬಂದಿದೆ. ಮೂರನೆಯದಾಗಿ, ಇದು ಬಹಳ ಚಿಕ್ಕದು. ಇಷ್ಟು ಬೇಗ ಸಿಗುವ ಉತ್ತರವನ್ನು ಒಪ್ಪಿದರೆ ಪ್ರಮಾಣಶಾಸ್ತ್ರಕ್ಕೆ ಕೆಲಸವೇ ಉಳಿಯದು ಎಂಬ ಮಹಾದೋಷ ಪ್ರಾಪ್ತವಾಗುತ್ತದೆ. ಆದ್ದರಿಂದ ಗೃಹಸ್ಥನು ಟವೆಲ್ ಸುತ್ತಿಕೊಂಡು, ಕಿವಿಯ ಹಿಂದೆ ಎಣ್ಣೆ ಇಳಿಯುತ್ತಿರಲು, ಪ್ರಮಾಣಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡನು.

ಪ್ರತ್ಯಕ್ಷ ಮೊದಲು. ಗೀಸರಿನ ಮೈಮೇಲೆ ಕೆಂಪು ದೀಪ ಉರಿಯುತ್ತಿದೆ. ದೀಪ ಉರಿಯುತ್ತಿದೆ ಎಂದರೆ ಕರೆಂಟ್ ಬರುತ್ತಿದೆ, ಕರೆಂಟ್ ಬರುತ್ತಿದೆ ಎಂದರೆ ಕಾಯುತ್ತಿದೆ ಎಂದು ಗೃಹಸ್ಥನು ನಿಶ್ಚಯಿಸಿ ಮತ್ತೆ ಹದಿನೆಂಟು ನಿಮಿಷ ಕಾದನು. ಇಲ್ಲಿ ಒಂದು ಸೂಕ್ಷ್ಮವಿದೆ. ಅನೇಕ ಗೀಸರುಗಳಲ್ಲಿ ಈ ದೀಪ ಥರ್ಮೋಸ್ಟಾಟ್ ಆದ ಮೇಲೆ, ಕಾಯಿಲಿಗೆ ಸಮಾನಾಂತರವಾಗಿ ಜೋಡಣೆಯಾಗಿರುತ್ತದೆ. ಕಾಯಿಲಿನ ಬಾಗಿಲವರೆಗೆ ಕರೆಂಟ್ ಬಂದಿದೆ ಎಂದಷ್ಟೇ ಅದು ಹೇಳಬಲ್ಲದು. ಒಳಗೆ ಕಾಯಿಲ್ ಬದುಕಿದೆಯೇ ಎಂಬುದು ಅದಕ್ಕೆ ಗೊತ್ತಿಲ್ಲ. ತಂತಿ ಕಡಿದ ಗೀಸರಿನ ದೀಪ ಒಳ್ಳೆಯ ಗೀಸರಿನ ದೀಪಕ್ಕಿಂತ ನಿಷ್ಠೆಯಿಂದ ಉರಿಯುತ್ತದೆ. ನೀರು ಎಂದೂ ಬಿಸಿಯಾಗದ್ದರಿಂದ ಥರ್ಮೋಸ್ಟಾಟ್ ಅದನ್ನು ಎಂದೂ ಆರಿಸುವುದಿಲ್ಲ. ಹಾಗಾಗಿ, ದೀಪ ಗಂಟೆಗಟ್ಟಲೆ ಆರದೆ ಉರಿದರೆ ಅದನ್ನು ಶುಭಶಕುನವೆಂದು ಭಾವಿಸತಕ್ಕದ್ದಲ್ಲ. ದೀಪವೇ ಹೊತ್ತದಿದ್ದರೆ ಮಾತು ಬೇರೆ: ಎಂಸಿಬಿ ಬಿದ್ದಿರಬಹುದು, ಪಾಯಿಂಟು ಸುಟ್ಟಿರಬಹುದು, ಕಟೌಟ್ ಹಾರಿರಬಹುದು.

ಈ ಹಂತದಲ್ಲಿ ತಾತನವರು ಹಾಸಿಗೆಯಿಂದಲೇ ವೋಲ್ಟೇಜ್ ವಾದವನ್ನು ಮಂಡಿಸಿದರು. ಇದನ್ನು ತಳ್ಳಿಹಾಕುವ ಮುನ್ನ ಲೆಕ್ಕ ಹಾಕುವುದು ನ್ಯಾಯ. ಕಾಯಿಲಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣ. 230 ಇರಬೇಕಾದ ಕಡೆ 180 ಬಂದರೆ 2000 ವಾಟಿನ ಕಾಯಿಲ್ 1225 ವಾಟಿನದಾಗುತ್ತದೆ. ಹದಿನೆಂಟು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಅಂದರೆ ಲೋ ವೋಲ್ಟೇಜಿನಿಂದ ಬಿಸಿನೀರು ತಡವಾದೀತೇ ಹೊರತು ಇಲ್ಲವಾಗದು. ಇದನ್ನು ತಿಳಿಸಿದಾಗ ತಾತನವರು, “ಹಾಗಾದ್ರೆ ಕಾಯಿ, ಬರತ್ತೆ” ಎಂದು ಮಗ್ಗುಲು ಬದಲಿಸಿದರು. ಅವರು 2023ರಲ್ಲಿ ಗೃಹಜ್ಯೋತಿ ಬಂದಂದಿನಿಂದ ಗೀಸರಿನ ವೈರಿ. ಉಚಿತದ ಮಿತಿ ಮೀರಿದರೆ ಬಿಲ್ ಬಂದೀತೆಂಬ ಭಯದಲ್ಲಿ ಹೋಗುತ್ತ ಬರುತ್ತ ಸ್ವಿಚ್ ಆರಿಸುವ ವ್ರತ ಹಿಡಿದವರು. ದಿನಕ್ಕೊಂದು ತೊಟ್ಟಿ ನೀರಿಗೆ ತಿಂಗಳಿಗೆ ಸುಮಾರು 18 ಯೂನಿಟ್ ಎಂಬ ಲೆಕ್ಕ ಅವರನ್ನು ಕದಲಿಸಿಲ್ಲ. ಆದ್ದರಿಂದ ತಾತನಿರುವ ಮನೆಯಲ್ಲಿ ಪ್ರತಿ ತಣ್ಣೀರಿಗೂ ಮೊದಲು ಪರೀಕ್ಷಿಸಬೇಕಾದದ್ದು ಸ್ವಿಚ್ಚನ್ನೇ.

ಅರ್ಥಾಪತ್ತಿಯನ್ನು ಇಲ್ಲಿಯೇ ಮುಗಿಸಿಬಿಡಬಹುದು. ಹಗಲು ಉಣ್ಣದ ದೇವದತ್ತ ದಷ್ಟಪುಷ್ಟನಾಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂಬುದು ಮೀಮಾಂಸಕರ ಪ್ರಸಿದ್ಧ ನಿದರ್ಶನ. ಗೀಸರ್ ಸರಿಯಿದೆ, ನೀರು ತಣ್ಣಗಿದೆ, ಪಿಯುಸಿ ಓದುವ ಮಗ ಹಬೆಯೊಡನೆ ಬಚ್ಚಲಿಂದ ಈಗಷ್ಟೇ ಹೊರಬಂದಿದ್ದಾನೆ ಎಂದಾದರೆ ದೇವದತ್ತ ಯಾರೆಂದು ಬಿಡಿಸಿ ಹೇಳಬೇಕಿಲ್ಲ. 60 ಡಿಗ್ರಿಯ 15 ಲೀಟರನ್ನು ತಣ್ಣೀರಿನೊಡನೆ ಬೆರೆಸಿದರೆ 40 ಡಿಗ್ರಿಯ 35 ಲೀಟರ್ ಸಿಗುತ್ತದೆ. ತಲೆಯ ಮೇಲೆ ಷವರ್ ಬಿಟ್ಟುಕೊಂಡು ಕಣ್ಣುಮುಚ್ಚಿ ನಿಲ್ಲುವವನಿಗೆ ಇದು ಒಂದು ಸಿನಿಮಾ ಹಾಡಿನಷ್ಟು ಹೊತ್ತಿಗೆ ಸಾಕು. ಆದರೆ ಪ್ರಕೃತ ಪ್ರಸಂಗದಲ್ಲಿ ಮಗನ ತಲೆಯಲ್ಲೂ ಎಣ್ಣೆಯಿತ್ತು. ಆದ್ದರಿಂದ ಅವನು ನಿರ್ದೋಷಿ.

ಅನುಪಲಬ್ಧಿ ಇನ್ನೂ ನಾಜೂಕಾದದ್ದು. ಬಿಸಿನೀರು ಸಿಗುತ್ತಿಲ್ಲ, ಆದ್ದರಿಂದ ಬಿಸಿನೀರು ಇಲ್ಲ ಎಂದು ಹೇಳಬಹುದೇ? ಕೂಡದು. ಇದ್ದಿದ್ದರೆ ಸಿಕ್ಕೇ ಸಿಗುತ್ತಿತ್ತು ಎನ್ನುವಂಥ ಕಡೆ ಮಾತ್ರ ಸಿಗದಿರುವುದು ಇಲ್ಲದಿರುವುದಕ್ಕೆ ಪ್ರಮಾಣ ಎಂದು ಭಾಟ್ಟರು ಎಚ್ಚರಿಸಿದ್ದಾರೆ. ಪ್ರಾಭಾಕರರಂತೂ ಇದನ್ನು ಪ್ರಮಾಣವೆಂದೇ ಒಪ್ಪುವುದಿಲ್ಲ. ಗೀಸರಿನಲ್ಲಿ ತಣ್ಣೀರು ಕೆಳಗಿಂದ ಒಳಬಂದು ಮೇಲಿನ ಬಿಸಿನೀರನ್ನು ಹೊರಗೆ ನೂಕುತ್ತದೆ. ನೂಕಲು ತಣ್ಣೀರಿಲ್ಲದಿದ್ದರೆ ಬಿಸಿನೀರು ತೊಟ್ಟಿಯಲ್ಲಿ ಕಂಠಮಟ್ಟ ಇದ್ದೂ ನಲ್ಲಿಗೆ ಬರಲಾರದು. ತಾರಸಿಯ ಟ್ಯಾಂಕ್ ಖಾಲಿಯಾದ ಮನೆಗಳಲ್ಲಿ ಗೀಸರಿಗೆ ಬಯ್ಯುವವರು ಈ ಅಭಾವವಿಚಾರವನ್ನು ಓದಿಲ್ಲ. ಗೃಹಸ್ಥನು ತಾರಸಿ ಹತ್ತಿ ಟ್ಯಾಂಕಿನಲ್ಲಿ ಟಾರ್ಚ್ ಬಿಟ್ಟು ನೋಡಿದನು. ನೀರಿತ್ತು. ಚಳಿಯೂ ಇತ್ತು.

ಉಪಮಾನದ ಕಥೆ ಕರುಣಾಜನಕ. ಹಸುವಿನಂತಿರುವುದು ಗವಯ ಎಂದು ಕೇಳಿ ತಿಳಿದವನು ಕಾಡಿನಲ್ಲಿ ಗವಯವನ್ನು ಕಂಡು ಗುರುತಿಸುತ್ತಾನಂತೆ. ಮಗನ ಮೊಬೈಲಿನ ವಿಡಿಯೊದಲ್ಲಿ ಹಿಂದಿಯಲ್ಲಿ ಮಾತನಾಡುವ ಒಬ್ಬಾತ ಮುಚ್ಚಳ ತೆಗೆದು, ಕೆಂಪು ಗುಂಡಿಯೊಂದನ್ನು ಒತ್ತಿ, ಕಟೌಟನ್ನು ಮತ್ತೆ ಕೂರಿಸಿ ನಕ್ಕನು. ಗೃಹಸ್ಥನೂ ಮೇನ್ ಆರಿಸಿ, ಸ್ಟೂಲ್ ಹತ್ತಿ, ಮುಚ್ಚಳ ತೆಗೆದು ಕೆಂಪು ಗುಂಡಿಗಾಗಿ ಹುಡುಕಿದನು. ಆ ಗವಯ ಬೇರೆ ಕಾಡಿನದು. ಇಲ್ಲಿ ಒಂದು ಬಿಳಿ ಗುಂಡಿ ಇತ್ತು, ಒತ್ತಿದರೆ ಏನೂ ಆಗಲಿಲ್ಲ. ಅದು ಗುಂಡಿಯೇ ಅಲ್ಲವೆಂದೂ ಸ್ಕ್ರೂವಿನ ಮೇಲಿನ ಟೋಪಿಯೆಂದೂ ಆಮೇಲೆ ತಿಳಿದುಬಂದಿತು.

ಅನುಮಾನವೇ ಪ್ರಮಾಣಗಳ ರಾಜ. ಈ ಗೀಸರ್ ಸುಣ್ಣವುಳ್ಳದ್ದು, ಗುಡುಗುಡು ಎನ್ನುವುದರಿಂದ, ಯಾವುದು ಗುಡುಗುಡು ಎನ್ನುವುದೋ ಅದು ಸುಣ್ಣವುಳ್ಳದ್ದು, ಪಕ್ಕದ ಮನೆಯ ಗೀಸರಿನಂತೆ, ಇದೂ ಹಾಗೆಯೇ ಗುಡುಗುಡು ಎನ್ನುತ್ತಿತ್ತು, ಆದ್ದರಿಂದ ಇದೂ ಸುಣ್ಣವುಳ್ಳದ್ದು. ಗೃಹಸ್ಥನು ಈ ಐದು ಅವಯವಗಳನ್ನು ಸ್ಟೂಲಿನ ಮೇಲೆ ನಿಂತೇ ಗಟ್ಟಿಯಾಗಿ ಉಚ್ಚರಿಸಿದನು. ಅಡುಗೆಮನೆಯಿಂದ ಒಂದು ಲೊಚಗುಟ್ಟಿದ ಸದ್ದು ಕೇಳಿಸಿತು. ಅದು ಆಕ್ಷೇಪವೋ ಅಲ್ಲವೋ ಎಂಬುದು ನಿರ್ಣಯವಾಗಿಲ್ಲ. ಪೈಪಿನಲ್ಲಿ ಗಾಳಿ ಸೇರಿದರೂ ಸದ್ದು ಬರುವುದರಿಂದ ಈ ಹೇತು ವ್ಯಭಿಚಾರಿ ಎಂದು ಯಾರಾದರೂ ಹೇಳಿಯಾರು. ಆದರೆ ಗಾಳಿಯ ಸದ್ದು ನಲ್ಲಿ ತಿರುಗಿಸಿದಾಗ ಬರುತ್ತದೆ, ಸುಣ್ಣದ ಸದ್ದು ಸುಮ್ಮನೆ ಕಾಯುವಾಗಲೇ ಬರುತ್ತದೆ. ಬೋರ್ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಕಾದಾಗ ಒಡೆದು, ಕಾರ್ಬನೇಟಾಗಿ ಕಾಯಿಲಿಗೆ ಅಂಟುತ್ತದೆ. ಉಪ್ಪು ಸಕ್ಕರೆಗಳು ಬಿಸಿನೀರಿನಲ್ಲಿ ಹೆಚ್ಚು ಕರಗಿದರೆ ಇದು ಕಡಿಮೆ ಕರಗುತ್ತದೆ. ಪದರದ ಕೆಳಗೆ ಸಿಕ್ಕಿಬಿದ್ದ ನೀರು ಕುದಿದು ಒಡೆಯುವುದೇ ಆ ಗುಡುಗುಡು. ಶಾಖ ನೀರಿಗೆ ಹೋಗಲಾರದೆ ಕಾಯಿಲ್ ತನ್ನನ್ನೇ ತಾನು ಬೇಯಿಸಿಕೊಳ್ಳುತ್ತದೆ. ಒಂದು ದಿನ ತಂತಿ ಕಡಿಯುತ್ತದೆ, ಇಲ್ಲವೇ ಕೊಳವೆ ಬಿರಿದು ನೀರು ಒಳಹೊಕ್ಕು ಮನೆಯ ಬ್ರೇಕರನ್ನೆಲ್ಲ ಬೀಳಿಸುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಗಡಸುತನವನ್ನು ಲೀಟರಿಗೆ 200 ಮಿಲಿಗ್ರಾಮಿಗೆ ಕಟ್ಟುತ್ತದೆ, ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಸಹಿಸುತ್ತದೆ. ಕಾವೇರಿ ಮುಟ್ಟದ ಬಡಾವಣೆಗಳಲ್ಲಿ ಟ್ಯಾಂಕರ್ ತಂದು ಸುರಿಯುವುದು ಯಾವ ಊರಿನ ಯಾವ ಕೊಳವೆಬಾವಿಯ ನೀರೆಂದು ಟ್ಯಾಂಕರಿನವನೇ ಹೇಳಲಾರ. ಅದರ ಮಾನಕವನ್ನು ಬಕೆಟ್ಟಿನ ಅಂಚಿನ ಬಿಳಿ ಗೆರೆಯೇ ಹೇಳಬೇಕು.

ಉಳಿದದ್ದು ಶಬ್ದ, ಅಂದರೆ ಆಪ್ತವಾಕ್ಯ. ಮೀಮಾಂಸಕರಿಗೆ ವೇದ ಅಪೌರುಷೇಯ. ಅದಕ್ಕೆ ಕರ್ತೃವಿಲ್ಲ, ಆದ್ದರಿಂದ ದೋಷವೂ ಇಲ್ಲ. ಗೃಹೋಪಕರಣಗಳ ಲೋಕದಲ್ಲಿ ಈ ಸ್ಥಾನ ಬಳಕೆದಾರರ ಕೈಪಿಡಿಗೆ ಸಲ್ಲುತ್ತದೆ. ಅದನ್ನು ಬರೆದವರನ್ನು ಕಂಡವರಿಲ್ಲ, ಓದಿದವರನ್ನೂ ಕಂಡವರಿಲ್ಲ. ಗೀಸರ್ ತಂದ ದಿನವೇ ಅದನ್ನು ಪೂಜ್ಯಭಾವದಿಂದ ಎಲ್ಲೋ ಜೋಪಾನ ಮಾಡಿರುತ್ತಾರೆ. ಅದರ ವಾಕ್ಯಗಳನ್ನು ವೇದವಾಕ್ಯಗಳಂತೆಯೇ ಐದಾಗಿ ವಿಂಗಡಿಸಬಹುದು. ಅರ್ಥಿಂಗ್ ಇರುವ 16 ಆಂಪ್ಸ್ ಪಾಯಿಂಟಿಗೇ ಜೋಡಿಸಬೇಕು ಎಂಬುದು ವಿಧಿ. ನೀರಿಲ್ಲದೆ ಹೊತ್ತಿಸಬಾರದು ಎಂಬುದು ನಿಷೇಧ. ಮಾಡೆಲ್ಲಿನ ಹೆಸರು ನಾಮಧೇಯ. ಇರುವೆಗಾಲಿನ ಅಕ್ಷರದ ವಾರಂಟಿ ಷರತ್ತುಗಳು ಮಂತ್ರ. ಅವನ್ನು ಹೇಳಬೇಕು, ಅರ್ಥ ಕೇಳಬಾರದು. ಡಬ್ಬದ ಮೇಲೆ ನಗುವ ಕುಟುಂಬದ ಪಕ್ಕದಲ್ಲಿ ಬರೆದದ್ದೆಲ್ಲ ಅರ್ಥವಾದ, ಅಂದರೆ ಸ್ತುತಿ. ಅದಕ್ಕೆ ಸ್ವತಂತ್ರ ಪ್ರಾಮಾಣ್ಯವಿಲ್ಲ. ಕೈಪಿಡಿಯನ್ನು ಹುಡುಕಲಾಯಿತು. ಸಿಗಲಿಲ್ಲ. ಅಕ್ಕಿಡಬ್ಬಿಯ ಹಿಂದೆ ಹಳೆಯ ಮಿಕ್ಸಿಯ ಕೈಪಿಡಿ ಸಿಕ್ಕಿತು. ಅದರ ಅಪ್ಪಣೆಗಳನ್ನು ಇಲ್ಲಿಗೆ ಅತಿದೇಶ ಮಾಡಲು ಸಾಧ್ಯವೇ ಎಂದು ಗೃಹಸ್ಥನು ಕ್ಷಣ ಕಾಲ ಯೋಚಿಸಿದನೆಂದು ತಿಳಿದುಬರುತ್ತದೆ.

ಇನ್ನೊಬ್ಬ ಆಪ್ತ ಎಲೆಕ್ಟ್ರಿಷಿಯನ್. ಫೋನಿನಲ್ಲಿ ಅವನ ವಾಕ್ಯ ಸೂತ್ರಪ್ರಾಯವಾಗಿತ್ತು: “ಹಬ್ಬ ಕಳೀಲಿ ಸಾರ್, ಪಾಡ್ಯ ಆದ್ಮೇಲೆ ಬರ್ತೀನಿ.”

ಇಷ್ಟರಲ್ಲಿ ಗೃಹಿಣಿಯವರು ಗ್ಯಾಸ್ ಒಲೆಯ ಎರಡು ಬರ್ನರಿನ ಮೇಲೂ ದೊಡ್ಡ ಪಾತ್ರೆ ಇಟ್ಟು ನೀರು ಕಾಯಿಸಿ, ಮಗನನ್ನು ಮೀಯಿಸಿ ಕಳಿಸಿ, ಮಾವನವರಿಗೆ ಹದ ಮಾಡಿಕೊಟ್ಟು, ತಾವೂ ಸ್ನಾನ ಮುಗಿಸಿ, ಬಾಗಿಲಿಗೆ ರಂಗೋಲಿ ಹಾಕಿ ಬಂದರು. ಇದು ಲೋಕವ್ಯವಹಾರ, ಪ್ರಮಾಣವಿಚಾರದಲ್ಲಿ ಇದಕ್ಕೆ ಪ್ರವೇಶವಿಲ್ಲವಾದ್ದರಿಂದ ಹೆಚ್ಚು ಬರೆಯುವುದಿಲ್ಲ. ಗೃಹಸ್ಥನ ಪಾಲಿನ ಬಕೆಟ್ ಆರುವ ಹೊತ್ತಿಗೆ ಸೂರ್ಯೋದಯವಾಗಿತ್ತು ಎಂದಷ್ಟೇ ದಾಖಲಿಸುತ್ತೇವೆ.

ಪಾಡ್ಯ ಕಳೆದು, ಅದರ ಮಾರನೆಯ ದಿನವೂ ಕಳೆದು ಎಲೆಕ್ಟ್ರಿಷಿಯನ್ ಬಂದನು. ಈತ ಚಾರ್ವಾಕ. ಪ್ರತ್ಯಕ್ಷದ ಹೊರತು ಏನನ್ನೂ ನಂಬುವುದಿಲ್ಲ, ಸಾಲವನ್ನಂತೂ ಒಪ್ಪುವುದೇ ಇಲ್ಲ. ಗೃಹಸ್ಥನು ವಿವರಿಸತೊಡಗಿದ ಅರ್ಥಾಪತ್ತಿ, ಅನುಪಲಬ್ಧಿಗಳನ್ನು “ಸರಿ ಸಾರ್, ಸ್ವಲ್ಪ ಸೈಡಿಗೆ ಬನ್ನಿ” ಎಂಬ ಒಂದೇ ವಾಕ್ಯದಿಂದ ನಿರಾಕರಿಸಿ, ಮೇನ್ ಆರಿಸಿ, ಕಾಯಿಲಿನ ಎರಡು ತುದಿಗೆ ಮಲ್ಟಿಮೀಟರಿನ ಕಡ್ಡಿ ಇಟ್ಟನು. 2000 ವಾಟಿನ ಆರೋಗ್ಯವಂತ ಕಾಯಿಲ್ ಸುಮಾರು 26 ಓಮ್ ತೋರಿಸಬೇಕು. ಇದು ಏನನ್ನೂ ತೋರಿಸಲಿಲ್ಲ. ತೊಟ್ಟಿಯ ನೀರು ಬಸಿದು ಫ್ಲ್ಯಾಂಜ್ ಬಿಚ್ಚಿದಾಗ ಕಾಯಿಲಿನ ಬದಲು ಸುಣ್ಣದ ಒಂದು ಕೊಂಬೆ ಹೊರಬಂತು, ಜೊತೆಗೆ ಅರ್ಧ ಬಕೆಟ್ ಬಿಳಿ ಚೂರು. ಮೆಗ್ನೀಸಿಯಂ ಕಡ್ಡಿಯಿದ್ದ ಕಡೆ ಒಂದು ತಂತಿ ಮಾತ್ರ ಉಳಿದಿತ್ತು.

“ಸುಣ್ಣ ಕಟ್ಟಿ ಕಾಯಿಲ್ ಹೋಗಿದೆ ಸಾರ್. ಸರ್ವಿಸ್ ಮಾಡ್ಸಿಲ್ವಾ?”

ಇದೇ ಸಿದ್ಧಾಂತ.

ಈ ಸಿದ್ಧಾಂತ ಮೇಲೆ ಖಂಡಿಸಿದ ಪೂರ್ವಪಕ್ಷವೇ ಅಲ್ಲವೇ ಎಂದು ಮಂದಮತಿಗಳು ಕೇಳಬಹುದು. ಅಲ್ಲ. ಜ್ಞಾನ ಹುಟ್ಟುತ್ತಲೇ ತಾನಾಗಿ ಪ್ರಮಾಣವೆಂದು ಮೀಮಾಂಸಕರು ಹೇಳುತ್ತಾರೆ. ಹೊರಗಿನಿಂದ ಪರೀಕ್ಷೆಯಾದ ಮೇಲೆಯೇ ಪ್ರಮಾಣವೆಂದು ನೈಯಾಯಿಕರು ಹೇಳುತ್ತಾರೆ. ಇಡೀ ಗ್ರಂಥದಲ್ಲಿ ಮೀಮಾಂಸಕನಾಗಿದ್ದ ಗೃಹಸ್ಥನು ಹೆಂಡತಿಯ ಮಾತಿನ ಮಟ್ಟಿಗೆ ನೈಯಾಯಿಕ. ಹೊರಗಿನವನು ಬಂದು, ಬಂದದ್ದಕ್ಕೆ ಪ್ರತ್ಯೇಕ, ಕಾಯಿಲಿಗೆ ಪ್ರತ್ಯೇಕ, ಗ್ಯಾಸ್ಕೆಟ್ಟಿಗೂ ಕಡ್ಡಿಗೂ ಪ್ರತ್ಯೇಕ ಹಣ ಪಡೆದು ಅದೇ ಮಾತು ಹೇಳಿದಾಗ ಅದು ಪ್ರಮಾಣವಾಯಿತು. ಶಬ್ದಗಳು ಒಂದೇ ಇರಬಹುದು, ರಸೀದಿ ಪೂರ್ವಪಕ್ಷಕ್ಕಿರಲಿಲ್ಲ.

ಕಡೆಯದು ಪ್ರತಿಪತ್ತಿಕರ್ಮ, ಯಾಗದಲ್ಲಿ ಬಳಸಿ ಉಳಿದ ದ್ರವ್ಯದ ವಿಲೇವಾರಿ. ಹಳೆಯ ಕಾಯಿಲನ್ನು ಎಲೆಕ್ಟ್ರಿಷಿಯನ್ ತನ್ನ ಚೀಲಕ್ಕೆ ಹಾಕಿಕೊಳ್ಳುವುದರಲ್ಲಿದ್ದ. ಗೃಹಿಣಿಯವರು ತೊಗೊಂಡು ಹೋಗಪ್ಪ ಎಂದರು. ಗೃಹಸ್ಥನು ತಡೆದು, ಒಳಗೆ ತಾಮ್ರವಿದೆ, ಯಾವುದಕ್ಕಾದರೂ ಬಂದೀತು ಎಂದು ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲಿಡಲು ಹೋದನು. ಅಲ್ಲಿ, ಹಿಂದಿನ ಗೀಸರಿನ ಕಾಯಿಲಿನ ಪಕ್ಕದಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿದ್ದ ಕೈಪಿಡಿ ಸಿಕ್ಕಿತು. ಗಡಸು ನೀರಿರುವ ಕಡೆ ವರ್ಷಕ್ಕೊಮ್ಮೆ ಸುಣ್ಣ ತೆಗೆಸಿ ಕಡ್ಡಿ ನೋಡಿಸಬೇಕು ಎಂದು ಅದರ ನಾಲ್ಕನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿದೆ. ಗೃಹಿಣಿಯವರು ಅದನ್ನು ಗಟ್ಟಿಯಾಗಿ ಓದಿದರು. ಅದು ವಿಧಿಯಲ್ಲ, ಬರೀ ಅರ್ಥವಾದ ಎಂಬುದು ಗೃಹಸ್ಥನ ಮತ.